ಬೆಕ್ಕಿನ ಮರಿಗೂ ಒಂದು ಪಂಚಾಂಗ

ಅಮೆರಿಕದಲ್ಲಿ ಬೆಕ್ಕುಗಳು ಹೆಚ್ಚಾಗಿ ಮರಿ ಹಾಕುವುದು ವಸಂತದಿಂದ ಬೇಸಿಗೆಯವರೆಗೆ, ಹಗಲು ದೀರ್ಘವಾಗುವ ತಿಂಗಳುಗಳಲ್ಲಿ. ಏಪ್ರಿಲ್‌ನಲ್ಲಿ ಹುಟ್ಟಿದ ಮರಿ ಎಂಟು ವಾರ ತುಂಬಿ ಶೆಲ್ಟರ್‌ನಿಂದ ಹೊರಬೀಳುವುದು ಜೂನ್‌ನಲ್ಲಿ. ಶಾಲೆಗೆ ರಜೆ ಶುರುವಾಗುವುದೂ ಊರಿನಿಂದ ಅಜ್ಜ ಅಜ್ಜಿ ಬಂದಿಳಿಯುವುದೂ ಆ ಹೊತ್ತಿಗೇ. ಹೀಗಾಗಿ ನ್ಯೂಜೆರ್ಸಿಯ ಕನ್ನಡ ಮನೆಯೊಂದರಲ್ಲಿ ಮರಿ ಬೇಡವೆನ್ನಲು ಇಬ್ಬರು ಹೆಚ್ಚಿಗೆ ಸಿಗುತ್ತಾರೆ. ಆದರೂ ಮರಿ ಬರುತ್ತದೆ, ಅದೂ ಎರಡು. ಒಂಟಿ ಮರಿ ಬೇಜಾರಿಗೆ ಸಾಮಾನು ಹಾಳು ಮಾಡುತ್ತದೆ, ಜೋಡಿ ಒಯ್ಯಿರಿ ಎಂಬುದು ಅನೇಕ ಶೆಲ್ಟರ್‌ಗಳ ಸಲಹೆ. ಸಲಹೆಯಲ್ಲಿ ಸುಳ್ಳಿಲ್ಲ. ಎರಡು ಮರಿಗಳು ಬೇಜಾರಿಲ್ಲದೆ ಹಾಳು ಮಾಡುತ್ತವೆ.

ಕರ್ನಾಟಕದ ಹಳೆಯ ಮನೆಗಳಲ್ಲಿ ಬೆಕ್ಕಿನಿಂದ ಕಾಪಾಡಬೇಕಾದದ್ದು ಹಾಲು, ಮೊಸರು, ಬೆಣ್ಣೆ. ಅದಕ್ಕೆ ಅಡುಗೆಮನೆಯ ಜಂತಿಗೆ ಒಂದು ನೆಲವು ಕಟ್ಟಿದರೆ ಮುಗಿಯಿತು. ಉಗುರು ಮಸೆಯಲು ಬೆಕ್ಕಿಗೆ ಹಿತ್ತಲಿನ ಮರವಿತ್ತು, ಹೊತ್ತು ಕಳೆಯಲು ಅಟ್ಟದ ಇಲಿಗಳಿದ್ದವು. ಅಮೆರಿಕದ ಬೆಕ್ಕು ಬಹುಪಾಲು ಮನೆಯೊಳಗಿನ ಜೀವಿ. ಹೊರಗೆ ಕಾರುಗಳ ಭಯ, ಕಯೋಟಿಗಳ ಭಯ. ರಾತ್ರಿ ಹೊರಗೆ ಬಿಟ್ಟರಾಯಿತು ಎಂಬ ಅಜ್ಜಿಯ ಪರಿಹಾರವನ್ನು ಮೊಮ್ಮಗಳು ಒಪ್ಪುವುದಿಲ್ಲ. ಅದರಿಂದ ಮರದ ಪಾಲಿನ ಕೆಲಸವೂ ಇಲಿಯ ಪಾಲಿನ ಕೆಲಸವೂ ಸೋಫಾದ ಮೇಲೆ ಬೀಳುತ್ತವೆ.

ಬೆಕ್ಕು ಪರಚುವುದು ಸಿಟ್ಟಿನಿಂದಲ್ಲ. ಉಗುರಿನ ಹಳೆಯ ಹೊರಪದರ ಕಳಚಲು, ಬೆನ್ನು ಮೈ ಮುರಿಯಲು, ಬೆರಳ ನಡುವಿನ ಗ್ರಂಥಿಗಳ ವಾಸನೆ ಉಳಿಸಿ ಇದು ನನ್ನದು ಎಂದು ಸಾರಲು ಪರಚುತ್ತದೆ. ಕಂತು ತೀರದ ಸೋಫಾ ಯಾರದು ಎಂಬುದರಲ್ಲಿ ಮನೆಯ ಯಜಮಾನರಿಗೆ ಬೇರೆ ಅಭಿಪ್ರಾಯ ಇರಬಹುದು. ಉಗುರನ್ನೇ ತೆಗೆಸಿಬಿಟ್ಟರೆ ಹೇಗೆ ಎಂದು ಅವರು ವಿಚಾರಿಸುವುದೂ ಉಂಟು. ಅದು ಉಗುರು ಕತ್ತರಿಸುವ ಕೆಲಸವಲ್ಲ, ಪ್ರತಿ ಬೆರಳಿನ ಕೊನೆಯ ಮೂಳೆಯನ್ನೇ ತುಂಡರಿಸುವ ಶಸ್ತ್ರಚಿಕಿತ್ಸೆ. ಪಕ್ಕದ ನ್ಯೂಯಾರ್ಕ್ ರಾಜ್ಯ 2019ರಲ್ಲಿ ಅದನ್ನು ನಿಷೇಧಿಸಿತು. ಸರಿಯಾದ ದಾರಿ ಎಂದರೆ ಮೂರಡಿ ಎತ್ತರದ, ಅಲುಗಾಡದ ಕಂಬವೊಂದಕ್ಕೆ ಕತ್ತಾಳೆ ನಾರಿನ ಹಗ್ಗ ಸುತ್ತಿ ಸೋಫಾದ ಪಕ್ಕದಲ್ಲೇ ನಿಲ್ಲಿಸುವುದು. ಮೂಲೆಯಲ್ಲಿ ಬಚ್ಚಿಟ್ಟ ಕಂಬವನ್ನು ಬೆಕ್ಕು ಮುಟ್ಟುವುದಿಲ್ಲ. ಊರಿನಲ್ಲಿ ಹೊಲದ ಬೇಲಿಗೆ ಬಿಟ್ಟಿ ಸಿಗುವ ಕತ್ತಾಳೆಗೆ ಇಲ್ಲಿ ಡಾಲರ್ ಎಣಿಸುವುದನ್ನು ನೋಡಿ ಅಜ್ಜ ಎರಡು ದಿನ ಮಾತು ಬಿಡುತ್ತಾರೆ.

ಮರಿಯ ಹಾಲುಹಲ್ಲು 26. ಮೂರು ನಾಲ್ಕು ತಿಂಗಳಿಗೆ ಅವು ಉದುರತೊಡಗಿ, ಆರು ತಿಂಗಳ ಸುಮಾರಿಗೆ 30 ಹೊಸ ಹಲ್ಲುಗಳು ಬಂದಿರುತ್ತವೆ. ಒಸಡು ನವೆಯುವ ಈ ಕಾಲದಲ್ಲಿ ಫೋನಿನ ಚಾರ್ಜರ್‌ನಿಂದ ಹಿಡಿದು ಅಜ್ಜನ ಕನ್ನಡಕದ ಕಡ್ಡಿಯವರೆಗೆ ಎಲ್ಲವೂ ಅಗಿಯುವ ವಸ್ತುವೇ. ಏಪ್ರಿಲ್ ಮರಿಗೆ ಇದು ಆಗಸ್ಟ್. ಅಂದರೆ ಶ್ರಾವಣ, ವರಮಹಾಲಕ್ಷ್ಮಿ.

ಕಲಶಕ್ಕೆ ಉಡಿಸಿದ ಮೈಸೂರು ರೇಷ್ಮೆಯ ನೆರಿಗೆ ನೆಲದಿಂದ ಒಂದಡಿ ಮೇಲೆ ತೂಗುತ್ತಿರುತ್ತದೆ. ಹತ್ತಲು ಅದಕ್ಕಿಂತ ಅನುಕೂಲದ ಏಣಿ ಇಲ್ಲ. ಬೆಕ್ಕು ಹೆಚ್ಚು ಚುರುಕಾಗುವುದು ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ, ದೇವರ ಮುಂದೆ ದೀಪ ಹಚ್ಚುವ ಎರಡೂ ಹೊತ್ತಿನಲ್ಲಿ. ಹೂಬತ್ತಿ, ಗೆಜ್ಜೆವಸ್ತ್ರ, ಹೂ ಕಟ್ಟಿದ ದಾರ, ಬಿಚ್ಚಿದ ಜರಿಯ ಎಳೆ ಎಲ್ಲವೂ ಮರಿಗಳಿಗೆ ಪ್ರಿಯ. ನಗುವ ಮಾತು ಇಲ್ಲಿ ಸ್ವಲ್ಪ ನಿಲ್ಲಬೇಕು. ಬೆಕ್ಕಿನ ನಾಲಗೆಯ ಮುಳ್ಳುಗಳು ಹಿಂದಕ್ಕೆ ಬಾಗಿರುವುದರಿಂದ ಬಾಯಿಗೆ ಹೋದ ದಾರವನ್ನು ಉಗುಳುವುದು ಅದಕ್ಕೆ ಕಷ್ಟ. ದಾರ ಒಳಗಿಳಿದರೆ ಕರುಳು ಸುಕ್ಕುಗಟ್ಟಿ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಬಾಯಲ್ಲೋ ಹಿಂಬದಿಯಲ್ಲೋ ದಾರದ ತುದಿ ಕಂಡರೆ ಎಳೆಯಬಾರದು, ವೈದ್ಯರಲ್ಲಿಗೆ ಒಯ್ಯಬೇಕು. ಅರಿಸಿನ ಕುಂಕುಮಕ್ಕೆ ಬಂದವರು ತಂದ ಹೂಗುಚ್ಛದಲ್ಲಿ ಲಿಲಿ ಇದ್ದರೆ ಅದು ಮನೆಯಿಂದ ಹೊರಗಿರಲಿ. ಅದರ ಪರಾಗವೂ ಬೆಕ್ಕಿನ ಮೂತ್ರಪಿಂಡವನ್ನು ಕೆಡಿಸುತ್ತದೆ.

ಗೌರಿ ಹಬ್ಬದಲ್ಲಿ ನಷ್ಟ ಕಡಿಮೆ. ಬಾಗಿನದ ಮೊರವೂ ಜೋಡಿ, ಮರಿಗಳೂ ಜೋಡಿ. ತಲಾ ಒಂದರಲ್ಲಿ ಮಲಗುತ್ತವೆ. ಮರುದಿನ ಗಣಪತಿಗೆ ಏರಿಸಿದ ಗರಿಕೆಯನ್ನು ಅವು ತಿನ್ನುತ್ತವೆ. ಹುಲ್ಲು ತಿನ್ನುವುದು ಬೆಕ್ಕಿನ ಹುಟ್ಟುಗುಣ, ಅದರಲ್ಲಿ ದೈವದ್ರೋಹ ಇಲ್ಲ. ದೇವರ ಪಾದದ ಬಳಿಯ ಮಣ್ಣಿನ ಇಲಿ ಮಾತ್ರ ಪೂಜೆಗೆ ಮುಂಚೆಯೇ ರೆಫ್ರಿಜರೇಟರ್‌ನ ಅಡಿ ಸೇರಿರುತ್ತದೆ, ಮತ್ತು ಆ ವರ್ಷ ಗಣಪತಿ ವಾಹನವಿಲ್ಲದೆ ವಿಸರ್ಜನೆಗೆ ಹೊರಡುತ್ತಾನೆ.

ನಿಜವಾದ ಪರೀಕ್ಷೆ ನವರಾತ್ರಿ. ಹೊತ್ತಿಗೆ ಸರಿಯಾಗಿ ಮರಿಗೆ ಆರು ತಿಂಗಳು ತುಂಬುತ್ತದೆ. ಅಡುಗೆಕಟ್ಟೆಗೆ ಒಂದೇ ನೆಗೆತದಲ್ಲಿ ಏರುವ ವಯಸ್ಸು. ರಟ್ಟಿನ ಡಬ್ಬಗಳನ್ನು ಪೇರಿಸಿ, ಮೇಲೆ ಬಿಳಿ ಪಂಚೆ ಹಾಸಿ ಕಟ್ಟಿದ ಗೊಂಬೆ ಮೆಟ್ಟಿಲು ಬೆಕ್ಕಿನ ದೃಷ್ಟಿಯಲ್ಲಿ ತನಗಾಗಿಯೇ ಕಟ್ಟಿಸಿದ ಅರಮನೆ. ಡಬ್ಬಗಳು ಒಳಗೆ ಟೊಳ್ಳು, ಆದ್ದರಿಂದ ಒಂದು ಮರಿ ಮೇಲೆ, ಇನ್ನೊಂದು ಕೆಳಗೆ. ಮೊದಲ ಬಲಿ ಶೆಟ್ಟಿ ಶೆಟ್ಟಮ್ಮನ ಅಂಗಡಿ: ಅಕ್ಕಿ, ಬೇಳೆ, ಕಡಲೆ ಎಲ್ಲ ಕಾರ್ಪೆಟ್ ಪಾಲು. ಆಮೇಲೆ ಅಂಚಿನಲ್ಲಿರುವ ಸಣ್ಣ ಗೊಂಬೆಗಳನ್ನು ಒಂದೊಂದಾಗಿ ಪಂಜದಿಂದ ತಳ್ಳಿ, ಬಿದ್ದದ್ದು ಓಡುತ್ತದೆಯೇ ಎಂದು ಬಗ್ಗಿ ನೋಡುವ ಕೆಲಸ. ಬಿದ್ದೊಡನೆ ಮನೆಯವರೆಲ್ಲ ಕೂಗುತ್ತ ಓಡಿ ಬರುವುದರಿಂದ ಆಟ ಇನ್ನೂ ರುಚಿಸುತ್ತದೆ. ಕೊನೆಗೆ ಪಂಚೆಗೆ ಉಗುರು ಸಿಕ್ಕಿ ಮರಿ ಗಾಬರಿಯಿಂದ ಜಿಗಿದಾಗ ದರ್ಬಾರು ಪೂರ್ತಿ ಕೆಳಗಿಳಿಯುತ್ತದೆ. 23 ಕಿಲೋ ಮಿತಿಯ ಸೂಟ್‌ಕೇಸಿನಲ್ಲಿ ಟವಲ್ಲುಗಳ ನಡುವೆ ಸಮುದ್ರ ದಾಟಿದ ಮಣ್ಣಿನ ಗೊಂಬೆಗೆ ಮೂರಡಿ ದಾಟಲಾಗುವುದಿಲ್ಲ. ಪಟ್ಟದ ರಾಜ ರಾಣಿ ಮರದವರು, ಬದುಕುತ್ತಾರೆ. ರಾಣಿಯ ಸೀರೆ ಹೋಗುತ್ತದೆ.

ಪಂಚೆಯನ್ನು ಮೆಟ್ಟಿಲಿಗೆ ಬಿಗಿಯಾಗಿ ಪಿನ್ನು ಹಾಕುವುದು, ಗೊಂಬೆಗಳ ಅಡಿಗೆ ಮೇಣದ ಅಂಟು ಮೆತ್ತುವುದು, ಸಂಜೆ ಮರಿಗಳನ್ನು ದಣಿಯುವಷ್ಟು ಆಡಿಸಿ ಊಟ ಹಾಕಿ ಬೇರೆ ಕೋಣೆಯಲ್ಲಿ ಬಾಗಿಲು ಹಾಕುವುದು, ಇವು ಕೆಲಸಕ್ಕೆ ಬರುವ ಉಪಾಯಗಳು. ಗದರುವುದು ಉಪಾಯವಲ್ಲ. ವರ್ಷ ತುಂಬಿದ ಮೇಲೆ ಬೆಕ್ಕು ನಿಧಾನವಾಗುತ್ತದೆ, ನಿದ್ದೆ ಹೆಚ್ಚುತ್ತದೆ, ಹಾನಿ ಇಳಿಯುತ್ತದೆ. ಅಲ್ಲಿಯವರೆಗೆ ಊರಿಗೆ ಹೋದವರು ಮಣ್ಣಿನ ಗೊಂಬೆಯ ಆಸೆ ಬಿಟ್ಟು ಚನ್ನಪಟ್ಟಣದ ಅರಗಿನ ಬಣ್ಣದ ಮರದ ಗೊಂಬೆಗಳನ್ನು ತರುವುದು ಮೇಲು. ಬಿದ್ದರೂ ಒಡೆಯುವುದಿಲ್ಲ, ಉರುಳಿದರೆ ಹುಡುಕಲು ಮರಿಗಳಿವೆ.