ಮಾಸ್ಟ್ರು ಕರೀತಾವ್ರೆ

ಮೈಸೂರಿನ ಯಾವ ಬಡಾವಣೆಗೆ ಹೋದರೂ ಈ ಮನುಷ್ಯ ಸಿಗುತ್ತಾರೆ. ಕುವೆಂಪುನಗರದಲ್ಲಾದರೆ ಬೇಕರಿಯ ಮೇಲೆ, ವಿಜಯನಗರದಲ್ಲಾದರೆ ಕಾಂಪ್ಲೆಕ್ಸಿನ ಎರಡನೇ ಮಹಡಿಯಲ್ಲಿ, ನಜರ್‌ಬಾದಿನಲ್ಲಾದರೆ ಹೆಂಚಿನ ಮನೆ ಕೆಡವಿ ಎತ್ತಿದ ಷೀಟಿನ ಷೆಡ್ಡಿನಲ್ಲಿ. ನನಗೆ ಹೆಚ್ಚು ಬಳಕೆ ಇರುವುದು ಬೇಕರಿಯ ಮೇಲಿನವರದು. ಸಂಜೆ ಐದಕ್ಕೆ ಕೆಳಗಿನಿಂದ ಖಾರ ಬನ್ನಿನ ವಾಸನೆ ಮೇಲೆ ಹತ್ತುತ್ತದೆ. ಆರಕ್ಕೆ ಮೇಲೆ ಯಾರೋ ಕಬ್ಬಿಣ ಎತ್ತಿ ಹಾಕಿದ ಸದ್ದಿಗೆ ಬೇಕರಿಯ ಗಾಜಿನ ಕಪಾಟು ನಡುಗುತ್ತದೆ. ಬೇಕರಿಯವನು ಅದಕ್ಕೆಲ್ಲ ಜಗಳಕ್ಕೆ ಬರುವುದಿಲ್ಲ. ಮೇಲಿನಿಂದ ಬೆವರಿ ಇಳಿದವರು ಅವನ ಎಗ್ ಪಫ್ಸಿಗೆ ಗಿರಾಕಿ. ಪಫ್ಸ್ ತಿಂದು ಹೊಟ್ಟೆ ನೋಡಿಕೊಂಡವರು ಮೇಲಿನವರಿಗೆ ಗಿರಾಕಿ.

ಇವರಿಗೊಂದು ಹೆಸರಿದೆ. ಬೋರ್ಡಿನ ಮೇಲೆ ದೊಡ್ಡದಾಗಿಯೇ ಬರೆಸಿದ್ದಾರೆ. ಆದರೆ ಅದನ್ನು ಯಾರೂ ಬಳಸುವುದಿಲ್ಲ. ಕಾಲೇಜು ಹುಡುಗರಿಗೂ, ರಿಟೈರಾದವರಿಗೂ, ಹತ್ತು ಗಂಟೆಯ ಲೇಡೀಸ್ ಬ್ಯಾಚಿಗೂ ಇವರು ಮಾಸ್ಟ್ರು. ಕತ್ತು ಇದೆಯೋ ಇಲ್ಲವೋ ಎಂಬ ಅನುಮಾನ ಹುಟ್ಟಿಸುವ ಹೆಗಲು, ಒಂದು ಸೈಜು ಚಿಕ್ಕದಾದ ಟೀ ಶರ್ಟು, ಮೊಬೈಲು ಹಿಡಿದರೆ ಬೆಂಕಿಪೊಟ್ಟಣದ ಹಾಗೆ ಕಾಣಿಸುವ ಅಂಗೈ. ಇತ್ತೀಚೆಗೆ ಚೂರು ಹೊಟ್ಟೆಯೂ ಬಂದಿದೆ. ಅದನ್ನು ಮುಚ್ಚಲು ಸದಾ ಕೈಕಟ್ಟಿಕೊಂಡೇ ನಿಲ್ಲುತ್ತಾರೆ. ಗೋಡೆಯ ಮೇಲೆ ಪ್ರಾಯದಲ್ಲಿ ದೇಹದಾರ್ಢ್ಯ ಸ್ಪರ್ಧೆಗೆ ನಿಂತಾಗ ಎಣ್ಣೆ ಹಚ್ಚಿಕೊಂಡು ತೆಗೆಸಿದ ಫೋಟೋ ಇದೆ. ಅದರ ಬಲಕ್ಕೆ ಹನುಮಂತ, ಎಡಕ್ಕೆ ಆರ್ನಾಲ್ಡ್. ಹನುಮಂತನಿಗೆ ದಿನಾ ಊದುಬತ್ತಿ. ಆರ್ನಾಲ್ಡನಿಗೆ ಆಯುಧಪೂಜೆಯ ದಿನ ಮಾತ್ರ ಹೂವು.

ಗಿರಾಕಿ ಹಿಡಿಯುವ ಕೆಲಸ ಮೆಟ್ಟಿಲಲ್ಲೇ ಶುರುವಾಗುತ್ತದೆ. ವಿಚಾರಿಸಲು ಬಂದವರು ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತರೆ ಅರ್ಧ ವ್ಯಾಪಾರ ಕುದುರಿದಂತೆಯೇ. ಮಾಸ್ಟ್ರು ಆಗ ಫೀಜಿನ ಮಾತು ಎತ್ತುವುದಿಲ್ಲ, ಮೆಷಿನ್ನು ತೋರಿಸುವುದಿಲ್ಲ.

“ಬನ್ನಿ ಸಾರ್, ಕೂತ್ಕೊಳ್ಳಿ. ಸುಧಾರಿಸ್ಕೊಳ್ಳಿ. ನಿಮ್ದು ಯಾವೂರು?”

“ಇಲ್ಲೇ, ನಂಜನಗೂಡು ಕಡೆ.”

“ನಂಜನಗೂಡಲ್ಲಿ ಎಲ್ಲಿ?”

ಎರಡು ಪ್ರಶ್ನೆ ಮುಗಿಯುವಷ್ಟರಲ್ಲಿ ಗಿರಾಕಿಯ ಸೋದರತ್ತೆಯ ಮನೆಯೂ ಮಾಸ್ಟ್ರ ಷಡ್ಡಕನ ಮನೆಯೂ ಒಂದೇ ಬೀದಿಯಲ್ಲಿ ಬಂದು ನಿಲ್ಲುತ್ತವೆ. ನಂಜನಗೂಡಲ್ಲದಿದ್ದರೆ ಹುಣಸೂರು, ಹುಣಸೂರಲ್ಲದಿದ್ದರೆ ತಿ. ನರಸೀಪುರ. ಎಲ್ಲ ಊರಿನಲ್ಲೂ ಅವರಿಗೊಬ್ಬ ಷಡ್ಡಕ ಇದ್ದೇ ಇರುತ್ತಾನೆ. ಸಂಬಂಧ ಕುದುರಿದ ಮೇಲೆ ಚಾರ್ಟು ಹೊರಬರುತ್ತದೆ. ತಿಂಗಳಿಗಿಷ್ಟು, ಮೂರು ತಿಂಗಳಿಗಿಷ್ಟು, ವರ್ಷಕ್ಕಿಷ್ಟು. ತಿಂಗಳ ಲೆಕ್ಕದಲ್ಲಿ ಕಟ್ಟಲು ಹೊರಟವನು ತಾನೇ ನಾಚಿಕೊಳ್ಳುವ ಹಾಗೆ ಆ ಅಂಕಿಗಳನ್ನು ಬರೆಸಿದ್ದಾರೆ. ವರ್ಷಕ್ಕೆ ಕಟ್ಟಿದರೆ ಟೀ ಶರ್ಟು ಫ್ರೀ. ಟೀ ಶರ್ಟಿನ ಬೆನ್ನಿನ ಮೇಲೆ ಜಿಮ್ಮಿನ ಫೋನ್ ನಂಬರು. ಅದನ್ನು ಹಾಕಿಕೊಂಡು ತರಕಾರಿಗೆ ಹೋದವರು ದುಡ್ಡು ಕೊಟ್ಟು ಮಾಸ್ಟ್ರ ಜಾಹೀರಾತು ಹೊತ್ತು ತಿರುಗುತ್ತಾರೆ.

ಆಫರುಗಳು ಪಂಚಾಂಗದ ಪ್ರಕಾರ. ಜನವರಿ ಒಂದಕ್ಕೆ ನುಗ್ಗುವವರಿಗೆ ಆಫರೇ ಬೇಕಿಲ್ಲ, ಅವರು ತಾವಾಗಿ ಬಂದು ಸಂಕ್ರಾಂತಿಯ ಎಳ್ಳುಬೆಲ್ಲದ ಹೊತ್ತಿಗೆ ತಾವಾಗಿ ಹೋಗುತ್ತಾರೆ. ಯುಗಾದಿಗೊಂದು, ದಸರೆಗೊಂದು. ಮದುವೆ ಗೊತ್ತಾದ ಗಂಡುಗಳಿಗೆ ಮೂರು ತಿಂಗಳ ಪ್ಯಾಕೇಜು; ಷೇರ್ವಾನಿಯ ಗುಂಡಿ ಹಾಕಲು ಬಂದರೆ ಸಾಕು, ಮಿಕ್ಕ ಜೀವನಕ್ಕೆ ಮಾಸ್ಟ್ರು ಹೊಣೆಯಲ್ಲ. ಕಷ್ಟವಿದ್ದದ್ದು ಆಷಾಢದಲ್ಲಿ. ಆಷಾಢ ಶುಕ್ರವಾರಗಳಲ್ಲಿ ಊರಿಗೆ ಊರೇ ಚಾಮುಂಡಿ ಬೆಟ್ಟ ಹತ್ತುತ್ತದೆ. ಸಾವಿರ ಮೆಟ್ಟಿಲನ್ನು ಪುಕ್ಕಟೆ ಹತ್ತಿಸುವ ತಾಯಿಯ ಜೊತೆ ಯಾವ ಟ್ರೆಡ್‌ಮಿಲ್ಲು ಪೈಪೋಟಿ ಮಾಡೀತು? ಅದರ ಮೇಲೆ, ಆಷಾಢದಲ್ಲಿ ಹೊಸದೇನನ್ನೂ ಶುರುಮಾಡಬಾರದು ಎಂಬ ಶಾಸ್ತ್ರ ಬೇರೆ. ಮಾಸ್ಟ್ರು ಶಾಸ್ತ್ರವನ್ನು ಮೀರಲಿಲ್ಲ. ‘ಆಷಾಢದಲ್ಲಿ ಕಟ್ಟಿ, ಶ್ರಾವಣದಲ್ಲಿ ಶುರುಮಾಡಿ’ ಎಂದು ಬ್ಯಾನರು ಹಾಕಿಸಿದರು. ಆ ಬ್ಯಾನರು ನೋಡಿದ ದಿನ ನನಗೆ ಅವರ ಮೇಲೆ ಗೌರವ ಇಮ್ಮಡಿಯಾಯಿತು.

ಮೈಸೂರಿನಲ್ಲಿ ಈ ಪಾಡು ಇಂದಿನದಲ್ಲ. 1933ರಲ್ಲಿ ಅರಮನೆಯ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸತೊಡಗಿದ ತಿರುಮಲೈ ಕೃಷ್ಣಮಾಚಾರ್ಯರಿಗೂ ಜನರನ್ನು ಯೋಗದ ಕಡೆ ತಿರುಗಿಸುವುದು ಸುಲಭವಿರಲಿಲ್ಲ. ಊರೂರು ತಿರುಗಿ ಪ್ರದರ್ಶನ ಕೊಟ್ಟರು. ಹಲ್ಲಿನಲ್ಲಿ ಭಾರ ಎತ್ತಿದರು, ಹೊರಟ ಕಾರನ್ನು ಬರಿಗೈಯಲ್ಲಿ ತಡೆದರು. ಕಾರು ನಿಲ್ಲಿಸುವುದಕ್ಕೂ ಚಿತ್ತವೃತ್ತಿ ನಿರೋಧಕ್ಕೂ ಏನು ನಂಟು ಎಂದು ಪತಂಜಲಿ ಕೇಳಬಹುದಿತ್ತು. ಜನ ಕೇಳಲಿಲ್ಲ, ಬಂದು ನೋಡಿದರು. ಮಹಾರಾಜರು ಹೋದ ಮೇಲೆ, ಕಾಲ ಬದಲಾದ ಮೇಲೆ, 1950ರಲ್ಲಿ ಆ ಶಾಲೆ ಮುಚ್ಚಿತು. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನಾಸಿಯಂ ಕಟ್ಟಿದ ಕೆ.ವಿ. ಅಯ್ಯರ್ ಅವರದು ಇನ್ನೊಂದು ದಾರಿ. ಜಿಮ್ಮಿಗೆ ಬರಲಾಗದವರಿಗೆ ಅಂಚೆಯಲ್ಲಿ ವ್ಯಾಯಾಮದ ಪಾಠ ಕಳಿಸಿದರು. ಈಗಿನವರು ಆನ್‌ಲೈನ್ ಕೋಚಿಂಗ್ ಎಂದು ಬೀಗುವುದನ್ನು ಅವರು ಅಂಚೆಚೀಟಿ ಅಂಟಿಸಿಯೇ ಮುಗಿಸಿದ್ದರು. ‘ಶಾಂತಲಾ’, ‘ರೂಪದರ್ಶಿ’ ಬರೆದವರೂ ಅವರೇ. ಮಾಸ್ಟ್ರಿಗೆ ಇದನ್ನು ಹೇಳಿದೆ. “ಕಾದಂಬರಿ ಬರೆಯೋಕೆ ಅವ್ರಿಗೆ ಟೈಮು ಎಲ್ಲಿ ಸಿಕ್ತು ಸಾರ್? ನಂಗೆ ರಿನ್ಯೂಯಲ್ ಮೆಸೇಜು ಬರೆಯೋಕೇ ಆಗ್ತಿಲ್ಲ” ಎಂದರು.

ಅವರ ಹೊಟ್ಟೆಯುರಿಯೆಲ್ಲ ಗೋಕುಲಂ ಮೇಲೆ. ಕೃಷ್ಣಮಾಚಾರ್ಯರ ಶಿಷ್ಯರಾದ ಪಟ್ಟಾಭಿ ಜೋಯಿಸರು ಲಕ್ಷ್ಮೀಪುರಂನ ಮನೆಯಲ್ಲಿ ಕಲಿಸುತ್ತಿದ್ದ ಅಷ್ಟಾಂಗ ಯೋಗ 2002ರಲ್ಲಿ ಗೋಕುಲಂಗೆ ಬಂತು. ಅಂದಿನಿಂದ ಆ ಬಡಾವಣೆಯಲ್ಲಿ ಕೋಳಿ ಕೂಗುವ ಮೊದಲೇ ಬಗಲಲ್ಲಿ ಚಾಪೆ ಸುರುಳಿ ಇಟ್ಟುಕೊಂಡು ಕ್ಯೂ ನಿಲ್ಲುವ ವಿದೇಶಿಯರು. “ಅಮೆರಿಕದಿಂದ ವಿಮಾನ ಹತ್ತಿ ಬಂದು ಕತ್ತಲಲ್ಲಿ ಬಾಗಿಲು ಕಾಯ್ತಾರೆ. ನಮ್ಮ ಎರಡನೇ ಕ್ರಾಸಿನೋರಿಗೆ ಏಳೂವರೆಗೆ ಬರೋಕಾಗಲ್ಲ” ಎಂದು ಮಾಸ್ಟ್ರು ಕೈಕಟ್ಟು ಬಿಚ್ಚಿ ಹೇಳುತ್ತಾರೆ. ದುಃಖ ಹೆಚ್ಚಾದಾಗ ಹೊಟ್ಟೆಯ ನೆನಪು ಇರುವುದಿಲ್ಲ.

ಸೇರಿಸಿಕೊಳ್ಳುವುದು ವಿದ್ಯೆಯಾದರೆ ಉಳಿಸಿಕೊಳ್ಳುವುದು ಗ್ರಹಚಾರ. ಇಲ್ಲೇ ಮಾಸ್ಟ್ರು ಬೇರೆಯವರಿಗಿಂತ ಬೇರೆಯಾಗುವುದು. ಅವರ ತಾತ ಗರಡಿಯಲ್ಲಿ ವಸ್ತಾದರಾಗಿದ್ದರಂತೆ. ಕೆಮ್ಮಣ್ಣಿನ ಮಟ್ಟಿ, ಮೂಲೆಯಲ್ಲಿ ಗದೆ, ಕಲ್ಲುಗುಂಡು, ಸಾಮು ತೆಗೆಯುವ ಹುಡುಗರು. ಆ ಗರಡಿಯಲ್ಲಿ ಫೀಜು ಎನ್ನುವ ಪದವೇ ಇರಲಿಲ್ಲ. ಎರಡು ದಿನ ಹುಡುಗ ಕಾಣಲಿಲ್ಲವೆಂದರೆ ವಸ್ತಾದರು ಮನೆಬಾಗಿಲಿಗೇ ಹೋಗಿ ಅವನ ಅವ್ವನ ಎದುರು ಕಿವಿ ಹಿಂಡಿ ಎಳೆದುತರುತ್ತಿದ್ದರಂತೆ. ಇವತ್ತಿಗೂ ದಸರಾ ಕುಸ್ತಿಗೆ ಮುಂಚೆ ಜೋಡಿ ಕಟ್ಟುವ ದಿನ ಮಾಸ್ಟ್ರು ಜಿಮ್ಮನ್ನು ಯಾರದೋ ಕೈಗೆ ಒಪ್ಪಿಸಿ ಹೋಗಿ ನಿಲ್ಲುತ್ತಾರೆ. ದೇವರಾಜ ಅರಸು ಕ್ರೀಡಾಂಗಣದಲ್ಲಿ ದಸರಾ ಕೇಸರಿ, ದಸರಾ ಕಂಠೀರವ ಯಾರ ಪಾಲಾಯಿತು ಎಂಬುದನ್ನು ಒಂದು ವಾರ ಮಾತಾಡುತ್ತಾರೆ. ಅಂಗಡಿ ಇಟ್ಟಿರುವುದು ಮೊಮ್ಮಗ. ಅದರೊಳಗೆ ಓಡಾಡುತ್ತಿರುವುದು ತಾತ.

ತಾತನ ಹಾಗೆ ಬಾರದವರ ಬೆನ್ನು ಹತ್ತುವುದರಿಂದ ವ್ಯಾಪಾರಕ್ಕೆ ಎಷ್ಟು ನಷ್ಟ ಎಂಬುದನ್ನು ಅವರಿಗೆ ವಿವರಿಸಿದವರು ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ. ಇವರು ವಾರ್ಷಿಕ ಸದಸ್ಯರು. ಬಂದ ದಿನ ಬೆಂಚ್ ಪ್ರೆಸ್ಸಿನ ಬೆಂಚಿನ ಮೇಲೆ ಕೂತು ‘ಮೈಸೂರು ಮಿತ್ರ’ದ ಪುಟಗಳನ್ನು ಮೊದಲಿನಿಂದ ಕೊನೆಯವರೆಗೆ ಎತ್ತಿ ಇಳಿಸುತ್ತಾರೆ, ಅದೇ ಅವರ ಭುಜದ ವ್ಯಾಯಾಮ. ಒಂದು ದಿನ ಪೇಪರು ಮಡಿಸಿಟ್ಟು ಅಮೆರಿಕದ ಸಂಶೋಧನೆಯೊಂದನ್ನು ಹೇಳಿದರು. ಡೆಲ್ಲಾವಿನ್ಯಾ, ಮಾಲ್ಮೆಂಡಿಯರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ್ದು. ತಿಂಗಳಿಗೆ 70 ಡಾಲರಿಗೂ ಹೆಚ್ಚು ಕಟ್ಟಿದ ಸದಸ್ಯರು ಸರಾಸರಿ ಬಂದದ್ದು ತಿಂಗಳಿಗೆ 4.3 ಸಲ. ಒಂದೊಂದು ಸಲಕ್ಕೆ 17 ಡಾಲರಿಗೂ ಮೇಲೆ ಬಿತ್ತು. ಹತ್ತು ಸಲದ ಪಾಸು ಕೊಂಡಿದ್ದರೆ ಸಲಕ್ಕೆ 10 ಡಾಲರಿಗೇ ಮುಗಿಯುತ್ತಿತ್ತು.

“ಅಂದ್ರೇನು ಮಾಸ್ಟ್ರೇ? ಬಾರದೆ ಇರೋರೇ ನಿಮ್ಮ ಲಾಭ. ನಿಮ್ಮಲ್ಲಿ ಮುನ್ನೂರು ಮೆಂಬರು. ಅಷ್ಟೂ ಜನ ಒಂದೇ ದಿನ ಬಂದ್ರೆ ಕೆಳಗೆ ಬೇಕರಿ ಇರುತ್ತಾ? ಬಾರದೋರನ್ನ ಅವರ ಪಾಡಿಗೆ ಬಿಟ್ಟುಬಿಡಿ.”

ಮಾಸ್ಟ್ರು ಗಂಭೀರವಾಗಿ ಕೇಳಿಸಿಕೊಂಡರು. ಲೆಕ್ಕ ಅವರಿಗೆ ಚೆನ್ನಾಗಿಯೇ ಹತ್ತಿತು. ತಲೆಯಾಡಿಸಿದರು. ಆಮೇಲೆ ಮೇಜಿನ ಡ್ರಾಯರಿನಿಂದ ಉದ್ದ ನೋಟ್‌ಬುಕ್ಕು ತೆಗೆದು, ಹಾಜರಿ ಕಾಲಂನಲ್ಲಿ ಬೆರಳಿಟ್ಟು ಇಳಿಸುತ್ತಾ, ಹದಿನೈದು ದಿನದಿಂದ ಬಾರದ ಹುಡುಗನೊಬ್ಬನಿಗೆ ಫೋನು ಹಚ್ಚಿದರು.

“ಏನಪ್ಪಾ, ಹುಷಾರಾಗಿದ್ದೀಯಾ?... ಜ್ವರನಾ? ಯಾವಾಗ?... ನಿನ್ನೆ ಕುಕ್ಕರಹಳ್ಳಿ ಕೆರೆ ಹತ್ರ ಚುರುಮುರಿ ತಿಂತಾ ನಿಂತಿದ್ದೆಯಲ್ಲಪ್ಪ, ಜ್ವರ ಬಂದೋರಿಗೆ ಚುರುಮುರಿ ಕೊಡ್ತಾರಾ?... ಅದೆಲ್ಲ ಬೇಡ. ನಿನ್ನ ಷೂ ಇಲ್ಲೇ ಅದೆ. ನಾಳೆ ಬಾ.”

ಷೂ ವಿಚಾರ ಹೇಳಲೇಬೇಕು. ಬಾಗಿಲ ಪಕ್ಕದ ಕಬ್ಬಿಣದ ರ್‍ಯಾಕಿನಲ್ಲಿ ಸದಸ್ಯರು ಬಿಟ್ಟುಹೋದ ಷೂಗಳಿವೆ. ಮೊದಲ ವಾರದ ಹುರುಪಿನಲ್ಲಿ ದುಬಾರಿ ಜೋಡಿ ಕೊಂಡು, ದಿನಾ ಹೊತ್ತು ತಿರುಗುವುದೇಕೆ ಎಂದು ಇಲ್ಲೇ ಇಟ್ಟು, ಮತ್ತೆ ಬಾರದವರವು. ಕೆಲವಕ್ಕೆ ಲೇಸು ಕಟ್ಟಿದ ಗಂಟೂ ಬಿಚ್ಚಿಲ್ಲ. ಎರಡನೇ ಅಂತಸ್ತಿನ ನೀಲಿ ಜೋಡಿಯೊಂದರಲ್ಲಿ ಒಳಗೆ ಸುರುಟಿಟ್ಟ ಸಾಕ್ಸು, ಅದರ ಮೇಲೆ ಬೆಲೆಯ ಚೀಟಿ. ಕಸ ಗುಡಿಸುವ ಹೆಂಗಸು ಬಿಸಾಕಲೇ ಎಂದು ಕೇಳಿದರೆ ಮಾಸ್ಟ್ರು ಬಿಡುವುದಿಲ್ಲ. “ಷೂ ಇರೋಗಂಟ ಅವ್ರು ನಮ್ಮ ಮೆಂಬರೇ ಕಣವ್ವ.” ಅವಧಿ ಮುಗಿದು ಎರಡು ವರ್ಷವಾದವರೂ ಈ ಲೆಕ್ಕದಲ್ಲಿ ಮುನ್ನೂರರಲ್ಲಿ ಸೇರಿದ್ದಾರೆ.

ಫೋನಿಗೆ ಸಿಗದವರು ಎದುರಿಗೆ ಸಿಗುತ್ತಾರೆ. ಮೈಸೂರು ಅಷ್ಟೊಂದು ದೊಡ್ಡ ಊರಲ್ಲ. ತಪ್ಪಿಸಿಕೊಂಡು ಓಡಾಡುವ ಸದಸ್ಯ ದೇವರಾಜ ಮಾರ್ಕೆಟ್ಟಿನಲ್ಲಿ ಬಾಳೆಹಣ್ಣಿನ ಚಿಪ್ಪು ಎತ್ತಿ ನೋಡುತ್ತಿರುವಾಗ ಹಿಂದಿನಿಂದ “ಸಾರ್” ಎಂಬ ಗಂಟಲು ಕೇಳುತ್ತದೆ. ತಿರುಗಿ ನೋಡದೆಯೇ ಆತ ಹೊಟ್ಟೆ ಒಳಕ್ಕೆಳೆದುಕೊಳ್ಳುತ್ತಾನೆ. ಮೈಲಾರಿಯಲ್ಲಿ ಎರಡನೇ ದೋಸೆ ಮುರಿಯುವ ಹೊತ್ತಿಗೆ ಮಾಸ್ಟ್ರು ಒಳಗೆ ಬಂದದ್ದನ್ನು ಕಂಡು ಇನ್ನೊಬ್ಬರು ತಟ್ಟೆಯನ್ನು ಹೆಂಡತಿಯ ಕಡೆ ಸರಿಸಿದ್ದುಂಟು. ಮಾಸ್ಟ್ರು ಏನೂ ಅನ್ನುವುದಿಲ್ಲ. ಬೆಣ್ಣೆ ಕಡೆ ಒಮ್ಮೆ, ಹೊಟ್ಟೆಯ ಕಡೆ ಒಮ್ಮೆ ನೋಡಿ, “ಅಮ್ಮಾವ್ರೇ, ಹತ್ತು ಗಂಟೆಗೆ ಲೇಡೀಸ್ ಬ್ಯಾಚು ಅದೆ, ನೀವೂ ಬನ್ನಿ” ಎಂದು ಹೇಳಿ ಹೋಗುತ್ತಾರೆ. ಮರುದಿನ ಅಮ್ಮಾವ್ರು ಸೇರುತ್ತಾರೆ, ಯಜಮಾನರು ಸಿಕ್ಕಿಬೀಳುತ್ತಾರೆ.

ತಪ್ಪದೆ ಬರುವವರೆಂದರೆ ಪೊಲೀಸ್ ನೇಮಕಾತಿಯ ದೈಹಿಕ ಪರೀಕ್ಷೆಗೆ ತಯಾರಾಗುವ ಹುಡುಗರು. ಸುತ್ತಲ ಹಳ್ಳಿಗಳಿಂದ ಬಂದು ರೂಮು ಮಾಡಿಕೊಂಡು ಓದುವವರು, ಬೆಳಿಗ್ಗೆ ಐದಕ್ಕೆ ಬೀಗ ತೆಗೆಯುವುದನ್ನೇ ಕಾಯುತ್ತಾರೆ. ಅವರ ಬಳಿ ದುಡ್ಡಿಲ್ಲ. ನೋಟ್‌ಬುಕ್ಕಿನಲ್ಲಿ ಅವರ ಹೆಸರಿನ ಮುಂದೆ ಫೀಜಿನ ಕಾಲಂ ಖಾಲಿ, ಹಾಜರಿಯ ಕಾಲಂ ಭರ್ತಿ. ದುಡ್ಡು ಕೊಟ್ಟವರು ಬರುವುದಿಲ್ಲ, ಬರುವವರು ದುಡ್ಡು ಕೊಡುವುದಿಲ್ಲ. ನಡುವೆ ವಿದ್ಯುತ್ ಬಿಲ್ಲು ಮಾತ್ರ ತಪ್ಪದೆ ಬರುತ್ತದೆ. ಬ್ಯಾಂಕಿನವರು ಆ ಪುಟ ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು. ಮಾಸ್ಟ್ರು, “ಪಿಎಸ್‌ಐ ಆದ್ಮೇಲೆ ಕೊಡ್ತಾನೆ ಬಿಡಿ ಸಾರ್” ಎಂದರು. ಪಿಎಸ್‌ಐ ಆದವನ ಹತ್ತಿರ ಹೋಗಿ ಜಿಮ್ಮಿನ ಬಾಕಿ ಕೇಳುವ ಧೈರ್ಯ ಯಾವ ಪೈಲ್ವಾನನಿಗಿದೆ?

ಈಚೆಗೆ ಮುಖ್ಯರಸ್ತೆಯಲ್ಲಿ ಹವಾನಿಯಂತ್ರಿತ ಜಿಮ್ಮೊಂದು ಬಂದಿದೆ. ಬೆರಳು ಒತ್ತಿದರೆ ಬಾಗಿಲು ತೆರೆಯುತ್ತದಂತೆ, ಅವಧಿ ಮುಗಿದರೆ ತೆರೆಯುವುದಿಲ್ಲವಂತೆ. ಮಾಸ್ಟ್ರ ಕೆಲವು ಹುಡುಗರು ಅತ್ತ ಹೋದರು, ಅದರಲ್ಲಿ ಅರ್ಧ ಜನ ವಾಪಸ್ಸು ಬಂದರು. ಅಲ್ಲಿ ಹದಿನೈದು ದಿನ ಹೋಗದಿದ್ದರೂ ಯಾರೂ ಯಾಕೆ ಅಂತ ಕೇಳಲಿಲ್ಲವಂತೆ. ಬೈಯುವವರಿಲ್ಲದೆ ಬೇಸರವಾಯಿತಂತೆ.

ಮೊನ್ನೆ ಬ್ಯಾಂಕಿನವರ ವಾರ್ಷಿಕ ಸದಸ್ಯತ್ವ ಮುಗಿಯಿತು. ಅವರು ಕೈಯಲ್ಲಿ ಒಂದು ಹಾಳೆ ಹಿಡಿದು ಬಂದರು. ಕಳೆದ ವರ್ಷದ ಹಬ್ಬಗಳು, ಮೊಮ್ಮಗುವಿನ ನಾಮಕರಣ, ಮಂಡಿನೋವು, ಕಾಶಿಯಾತ್ರೆ ಎಲ್ಲವನ್ನೂ ತಾರೀಖು ಸಮೇತ ಬರೆದಿದ್ದರು.

“ಮಾಸ್ಟ್ರೇ, ನಾನು ಬಾರದ ದಿನಗಳು ಇವು. ದುಡ್ಡು ಕಟ್ಟಿದ್ದೆ, ಮೆಷಿನ್ನು ಸವೆಸಿಲ್ಲ. ನ್ಯಾಯವಾಗಿ ಇವನ್ನ ಈ ವರ್ಷಕ್ಕೆ ಸೇರಿಸಿಕೊಡ್ಬೇಕು.”

“ಬಾರದೋರನ್ನ ಅವರ ಪಾಡಿಗೆ ಬಿಡು ಅಂದೋರು ನೀವೇ ಅಲ್ವಾ ಸಾರ್?”

“ಅದು ಅಮೆರಿಕದ ಮಾತು ಕಣ್ರೀ.”

ಮಾಸ್ಟ್ರು ಹಾಳೆಯನ್ನು ಎರಡು ಸಲ ಓದಿದರು. ಹೆಬ್ಬೆರಳಿನಿಂದ ಮೊಬೈಲಿನಲ್ಲಿ ಕೂಡಿದರು; ಮೊತ್ತ ಒಂದು ವರ್ಷಕ್ಕೆ ಹತ್ತಿರ ಬಂತು.

“ಸೇರಿಸ್ಕೊಡ್ತೀನಿ ಸಾರ್. ಒಂದೇ ಕಂಡೀಷನ್ನು. ನಾಳೆ ಬೆಳಿಗ್ಗೆ ಆರಕ್ಕೆ ನೀವು ಇಲ್ಲಿರ್ಬೇಕು, ಪೇಪರು ಇಲ್ದೆ.”

ಬ್ಯಾಂಕಿನವರು ಗೋಡೆಯ ಮೇಲೆ ಆರ್ನಾಲ್ಡನ ಪಕ್ಕ ನೇತಾಡುತ್ತಿದ್ದ ಕ್ಯಾಲೆಂಡರಿನತ್ತ ಕಣ್ಣು ಕಿರಿದಾಗಿಸಿ ನೋಡಿದರು.

“ನಾಳೆ ಅಮಾವಾಸ್ಯೆ ಅಲ್ವೇನ್ರೀ?”