ಹಾಳೆಗೊಂದು ಗುಣವಾಚಕ

ವಸ್ತುವಿನ್ಯಾಸದ ತಜ್ಞನಾಗಿ ನನ್ನನ್ನು ಯಾರೂ ಕರೆಸಲಿಲ್ಲ. ಆದರೂ ಅನಂತಪುರಕ್ಕೆ ಹೋಗಿ ಮೂರು ದಿನ ಅಧ್ಯಯನ ನಡೆಸಿ ಬಂದಿದ್ದೇನೆ. ತಂಗಿಯ ಮನೆ ಅಲ್ಲೇ ಹತ್ತಿರ ಇರುವುದರಿಂದ ಊಟ-ವಸತಿಯ ಖರ್ಚು ಅಂದಾಜುಪಟ್ಟಿಯಲ್ಲಿ ಸೇರಿಲ್ಲ.

ಈ ಊರನ್ನೇ ಆರಿಸಿಕೊಂಡದ್ದಕ್ಕೆ ಕಾರಣವುಂಟು. ಕುಂಬಳೆಯಿಂದ ರಿಕ್ಷಾ ಹತ್ತಿದರೆ ಮುರಕಲ್ಲಿನ ಬೋಳುಗುಡ್ಡ, ಅದರ ನಡುವೆ ಕೆರೆ, ಕೆರೆಯ ನಡುವೆ ದೇವಸ್ಥಾನ. ತಿರುವನಂತಪುರದ ಅನಂತಪದ್ಮನಾಭನಿಗೆ ಇದೇ ಮೂಲಸ್ಥಾನ ಎಂಬ ಪ್ರತೀತಿ ಇದೆ. ಇಲ್ಲಿದ್ದ ಕಡುಶರ್ಕರ ಪಾಕದ ಮೂರ್ತಿಗಳ ಜಾಗಕ್ಕೆ 1972ರಲ್ಲಿ ಪಂಚಲೋಹದವು ಬಂದವು. ಇಷ್ಟೆಲ್ಲ ಇದ್ದರೂ ಬಸ್ಸು ತುಂಬ ಬಂದವರು ಇಳಿದ ಕೂಡಲೇ ಕೇಳುವುದು, ‘ಮೊಸಳೆ ಎಲ್ಲಿ?’

ಮೊಸಳೆ ನಮ್ಮ ದೇಶದ ಎಷ್ಟೋ ಹೊಳೆಗಳಲ್ಲಿದೆ. ಅವುಗಳನ್ನು ಕಂಡರೆ ಜನ ಓಡುತ್ತಾರೆ. ಬಬಿಯಾ ಎಂಬ ಈ ಮೊಸಳೆಯನ್ನು ಕಂಡರೆ ಕೈ ಮುಗಿಯುತ್ತಿದ್ದರು. ಹಲ್ಲು, ಬಾಲ, ಚರ್ಮ ಎಲ್ಲ ಅದೇ. ಹೆಚ್ಚಿಗೆ ಇದ್ದದ್ದು ‘ಸಸ್ಯಾಹಾರಿ’ ಎಂಬ ಒಂದು ಗುಣವಾಚಕ, ಜತೆಗೆ ನೈವೇದ್ಯದ ಅನ್ನ-ಬೆಲ್ಲ. 2022ರ ಅಕ್ಟೋಬರ್ 9ರಂದು ಅದು ತೀರಿಕೊಂಡಾಗ ಅಂತಿಮ ದರ್ಶನಕ್ಕೆ ಜನ ಸೇರಿದರು. 2023ರ ನವೆಂಬರಿನಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಅದರ ಊಟದ ಅಭ್ಯಾಸವನ್ನು ನಾನಂತೂ ಹತ್ತಿರ ಹೋಗಿ ವಿಚಾರಿಸಲಿಲ್ಲ. ವಿನ್ಯಾಸ ಎಂದರೆ ವಸ್ತುವನ್ನು ಮುಟ್ಟದೆ ಅದರ ಮುಂದೊಂದು ಗುಣವಾಚಕ ಇಡುವುದು ಎಂಬ ನನ್ನ ಸಿದ್ಧಾಂತ ಆ ಕೆರೆಯ ಮೆಟ್ಟಿಲಲ್ಲಿ ಹುಟ್ಟಿತು.

ಪ್ರಯೋಗಕ್ಕೆ ಅಡಿಕೆ ಹಾಳೆಯನ್ನು ತೆಗೆದುಕೊಂಡೆ. ಸೋಗೆ ಒಣಗಿದಾಗ ಅದರ ಬುಡದಲ್ಲಿ ಮರವನ್ನು ಅಪ್ಪಿಕೊಂಡಿದ್ದ ಹಾಳೆಯೂ ಬಿಟ್ಟು ಬೀಳುತ್ತದೆ. ತುಳುವಿನಲ್ಲಿ ಅದು ಪಾಳೆ. ಈ ಸೀಮೆಯವರು ಹುಟ್ಟಿದ ಕೂಸನ್ನು ಅದರಲ್ಲಿ ಮಲಗಿಸಿ ಮೀಯಿಸಿದರು, ಸ್ವಲ್ಪ ದೊಡ್ಡದಾದ ಮೇಲೆ ಅದರ ಮೇಲೆಯೇ ಕೂರಿಸಿ ಅಂಗಳದ ತುಂಬ ಎಳೆದರು, ಸೆಕೆಗೆ ಬೀಸಣಿಗೆ ಮಾಡಿದರು. ಇಷ್ಟು ಶತಮಾನ ಬಳಸಿಯೂ ಅದು ಚೆಂದವಿದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಪುಕ್ಕಟೆ ಸಿಗುವ ವಸ್ತುವಿನ ಚೆಂದ ಬರಿಗಣ್ಣಿಗೆ ಕಾಣದು. ಅದಕ್ಕೆ ಬೆಲೆಚೀಟಿ ಬೇಕು.

ತಂಗಿಯ ಮನೆಯ ಕೊಟ್ಟಿಗೆಯ ಅಟ್ಟದಲ್ಲಿ ಒಣಹಾಳೆಗಳ ಅಟ್ಟಿ ಇತ್ತು. ‘ಇದು ಸಂಗ್ರಹವೋ ಪ್ರದರ್ಶನವೋ?’ ಎಂದು ಕೇಳಿದೆ.

‘ಅದು ಬಚ್ಚಲ ಒಲೆಗೆ ಇಟ್ಟದ್ದು ಅಣ್ಣ. ಬೇಕಾದ್ರೆ ತಕೊ, ತೋಟದಲ್ಲಿ ಇನ್ನೂ ಬಿದ್ದಿರ್ತದೆ.’

ಗ್ರಾಹಕ ಸಂಸ್ಕೃತಿ ಇಲ್ಲಿಗೆ ಇನ್ನೂ ಮುಟ್ಟಿಲ್ಲ ಎಂದು ಟಿಪ್ಪಣಿ ಬರೆದುಕೊಂಡೆ.

ಅದೇ ಹಾಳೆಯನ್ನು ನೀರಲ್ಲಿ ನೆನೆಸಿ, ತಿಕ್ಕಿ ತೊಳೆದು, ಕಾದ ಅಚ್ಚಿನಲ್ಲಿ ಒತ್ತಿದರೆ ತಟ್ಟೆ. ಅಂಟಿಲ್ಲ, ಬಣ್ಣವಿಲ್ಲ. ಇಲ್ಲಿಯವರೆಗಿನದು ಕೇವಲ ಕೆಲಸ. ವಿನ್ಯಾಸ ಇನ್ನು ಮುಂದೆ. ‘ಪರಿಸರಸ್ನೇಹಿ’ ಎಂದರೆ ಒಂದು ಬೆಲೆ, ‘ಆರ್ಗ್ಯಾನಿಕ್’ ಎಂದರೆ ಇನ್ನೊಂದು, ‘ಆರ್ಟಿಸನಲ್’ ಎಂದರೆ ಬೆಲೆ ಕೇಳುವುದೇ ಅಸಭ್ಯತೆ. ಮಳೆಗಾಲದಲ್ಲಿ ಸರಿಯಾಗಿ ಒಣಗದ ಹಾಳೆಗೆ ಬೂಷ್ಟು ಹಿಡಿದು ಕಪ್ಪು ಚುಕ್ಕೆ ಬರುತ್ತದೆ. ಬೆಂಗಳೂರಿನ ಮಾಲೊಂದರಲ್ಲಿ ಅಂಥದೇ ಚುಕ್ಕೆಯ ತಟ್ಟೆಯನ್ನು ದೀಪದ ಕೆಳಗೆ ಒಂಟಿಯಾಗಿ ನಿಲ್ಲಿಸಿದ್ದನ್ನು ಕಂಡು ಹತ್ತು ನಿಮಿಷ ಮೌನವಾಗಿ ನಿಂತಿದ್ದೆ. ಕಾವಲಿನವನು ಎರಡು ಸಲ ಬಂದು ನೋಡಿಹೋದ.

ತಟ್ಟೆಯ ಆಕಾರವೂ ಗಂಭೀರ ವಿಷಯ. ದುಂಡಗಿನದು ಹಳೆಯ ಕಾಲದ್ದು ಎಂದು ಚೌಕದ್ದು ಬಂತು. ಬಫೆ ಊಟದಲ್ಲಿ ನಿಂತು ಅದಕ್ಕೆ ಸಾರು ಬಡಿಸಿಕೊಂಡರೆ ನಾಲ್ಕು ಮೂಲೆಗಳಲ್ಲಿ ಯಾವುದಾದರೊಂದು ನಿಮ್ಮ ಅಂಗಿಯ ಕಡೆಗೇ ಇರುತ್ತದೆ. ಇದನ್ನು ಕೆಲವರು ದೋಷ ಎನ್ನುತ್ತಾರೆ. ಬಾಳೆಲೆಯಲ್ಲಿ ಹರಿಯುವ ಸಾರಿಗೆ ಅನ್ನದ ಕಟ್ಟೆ ಕಟ್ಟಿ ಅಭ್ಯಾಸವಿದ್ದವರು ಅವರು. ಅವರಿಗೆ ಆಧುನಿಕತೆಯ ರುಚಿ ಹತ್ತಲು ಸಮಯ ಬೇಕು. ನನ್ನ ಅಂಗಿಯಲ್ಲಿ ಒಂದು ಮಾದರಿಯನ್ನು ಒಗೆಯದೆ ಉಳಿಸಿಕೊಂಡಿದ್ದೇನೆ.

ಹಾಳೆಯ ಅತ್ಯುತ್ತಮ ಏಳಿಗೆ ಮಾತ್ರ ಮುಟ್ಟಾಳೆಯದು. ತೋಟಕ್ಕೆ ಗೊಬ್ಬರದ ಬುಟ್ಟಿ ಹೊರುವವರ ತಲೆಯಲ್ಲಿದ್ದ ಆ ಟೊಪ್ಪಿ ಈಗ ಸಮ್ಮೇಳನದ ವೇದಿಕೆಯಲ್ಲಿ ಅತಿಥಿಗಳ ತಲೆಯ ಮೇಲಿದೆ. ಹೊರೆ ಇಳಿದ ಮೇಲೆಯೇ ಅದಕ್ಕೆ ‘ಪಾರಂಪರಿಕ’ ಎಂಬ ಗುಣವಾಚಕ ಸಿಕ್ಕಿತು. ಹಾಕಿಕೊಂಡವರು ಫೋಟೋ ಮುಗಿಯುವವರೆಗೆ ತೆಗೆಯುವುದಿಲ್ಲ, ಮುಗಿದ ಮೇಲೆ ಇಡುವುದೂ ಇಲ್ಲ.

ಸಿದ್ಧಾಂತಕ್ಕೆ ಪೆಟ್ಟು ಬಿದ್ದದ್ದು 2025ರಲ್ಲಿ. ಅಡಿಕೆಯಲ್ಲಿರುವ ಅರೆಕೋಲಿನ್‌ನಂಥ ಅಂಶಗಳು ತಟ್ಟೆಯಿಂದ ಊಟಕ್ಕೆ ಇಳಿಯಬಹುದು ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಹಾಳೆತಟ್ಟೆಯ ಆಮದಿಗೆ ತಡೆ ಹಾಕಿತು. ಅಲ್ಲಿ ‘ಸುರಕ್ಷಿತ’ ಎಂಬ ಗುಣವಾಚಕಕ್ಕೆ ಪ್ರಯೋಗಾಲಯದ ಕಾಗದ ಕೇಳುತ್ತಾರಂತೆ. ಗುಣವಾಚಕಕ್ಕೆ ಪುರಾವೆ ಕೇಳುವ ದೇಶದಲ್ಲಿ ವಿನ್ಯಾಸ ಬೆಳೆಯುವುದು ಕಷ್ಟ.

ಕೊನೆಯ ದಿನ ಅಟ್ಟದಿಂದ ನುಣುಪಾದ ಒಂದು ಹಾಳೆ ಆರಿಸಿ, ಬೆಳಕು ಹದವಾದ ಮೇಲೆ ಫೋಟೋ ತೆಗೆಯೋಣ ಎಂದು ಜಗಲಿಯಲ್ಲಿ ಒರಗಿಸಿಟ್ಟಿದ್ದೆ. ಕೆರೆಗೆ ಹೋಗಿ ಮೊಸಳೆಗೆ ಕಾದು, ಅದು ಕಾಣದೆ ಸಂಜೆ ವಾಪಸಾದಾಗ ಹಾಳೆ ಇರಲಿಲ್ಲ. ಬಚ್ಚಲಿನ ಹೊಗೆ ತೋಟದ ಕಡೆಗೆ ಹೋಗುತ್ತಿತ್ತು.

‘ಬಿಸಿನೀರು ಆಗಿದೆ ಅಣ್ಣ, ಮಿಂದು ಬಾ’ ಎಂದಳು ತಂಗಿ.

ನೀರು ಚೆನ್ನಾಗಿ ಕಾದಿತ್ತು. ಗುಣವಾಚಕ ಇನ್ನೂ ಗೊತ್ತುಮಾಡಿಲ್ಲ.