ಮೂಗಿನ ಮೇಲೆ ನೂರ ಅರವತ್ತೈದು ಕಿಲೊ ತೊಗರಿ

ನನ್ನ ಬಲಗಣ್ಣಿನ ಮೂಲೆಯಲ್ಲಿ, ಮೂಗಿನ ಕಡೆಯಿಂದ, ಒಂದು ಮಾಂಸದ ಎಳೆ ಬೆಳೆಯುತ್ತಿದೆ. ಕರಿಗುಡ್ಡೆಯನ್ನು ಇನ್ನೂ ಮುಟ್ಟಿಲ್ಲ. ಬಿಸಿಲು, ಧೂಳು ಎರಡೂ ಸೇರಿ ಹುಟ್ಟಿಸಿದ ಕೂಸಿದು, ಸದ್ಯಕ್ಕೆ ಕೊಯ್ಯುವುದು ಬೇಡ, ಕೂಲಿಂಗ್ ಗ್ಲಾಸ್ ಹಾಕಿಕೊಂಡು ಓಡಾಡಿ ಎಂದರು ಡಾಕ್ಟರು. ಬೊಮ್ರಾಸಪೇಟದಲ್ಲಿ ಮನೆ, ತಾಂಡೂರಿನ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ, ನಡುವೆ ದಿನಕ್ಕೆರಡು ಸಲ ಬೈಕು. ಬಿಸಿಲು ಧೂಳು ಎರಡನ್ನೂ ನಾನು ಸಂಬಳದ ಜೊತೆಗೇ ತೆಗೆದುಕೊಳ್ಳುವವನು.

ಮನೆಗೆ ಬಂದು ಹೇಳಿದೆ. ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಅಂದಳು: "ತಾಂಡೂರು ಹೊತ್ತು ಮುಳುಗೋ ಕಡಿ ಅದ. ಮುಂಜಾನಿ ಹೋಗ್ವಾಗ ಬಿಸಲು ಬೆನ್ನಿಗಿ, ಸಂಜೀಕ ಬರ್ವಾಗ್ಲೂ ಬೆನ್ನಿಗಿ. ಚಾಳೀಸ ಹಾಕೋದಿದ್ರ ಬೆನ್ನಿಗಿ ಹಾಕ್ಕೋರಿ."

ಇಪ್ಪತ್ತೆಂಟು ವರ್ಷ ಅದೇ ದಾರಿಯಲ್ಲಿ ಓಡಾಡಿದವನಿಗೆ ಈ ಸಂಗತಿ ಹೊಳೆದಿರಲಿಲ್ಲ.

ಚಾಳೀಸು ಎಂಬುದು ನಮ್ಮ ಸೀಮೆಯ ಮಾತು. ಚಾಲೀಸ್ ಎಂದರೆ ನಲವತ್ತು. ನಲವತ್ತು ದಾಟಿದವನ ಮೂಗಿನ ಮೇಲೆ ಬಂದು ಕೂರುವುದಕ್ಕೆ ಅದರ ವಯಸ್ಸನ್ನೇ ಹೆಸರಾಗಿಟ್ಟರು. ಇದಕ್ಕಿಂತ ನಿಷ್ಠುರವಾದ ಹೆಸರು ಯಾವ ವಸ್ತುವಿಗೂ ಇಲ್ಲ. ಪೇಟೆಯ ಸಾಬರ ಅಂಗಡಿಯಲ್ಲಿ ಅದು ಚಷ್ಮಾ. ತೆಲುಗಿನಲ್ಲಿ ಕಳ್ಳದ್ದಾಲು, ಅಂದರೆ ಕಣ್ಣಿನ ಕನ್ನಡಿಗಳು. ಕರಿಯದಾದರೆ 'ನಲ್ಲ ಕಳ್ಳದ್ದಾಲು'. ಮನೆಯಲ್ಲಿ ಕನ್ನಡ, ಬಸ್‌ಸ್ಟ್ಯಾಂಡಿನಲ್ಲಿ ತೆಲುಗು ಆಡುವ ನಮ್ಮಂಥವರ ಕಿವಿಗೆ ಅದರಲ್ಲಿ ಮೊದಲು ನಲ್ಲ ಕೇಳುತ್ತಾನೆ, ಹಿಂದೆಯೇ ಕಳ್ಳ ಬರುತ್ತಾನೆ. ತಪ್ಪೇನೂ ಇಲ್ಲ. ತಾಂಡೂರಿನ ಟಾಕೀಸಿನಲ್ಲಿ ನಾನು ನೋಡಿದ ಸಿನಿಮಾಗಳಲ್ಲಿ ಕರಿ ಚಾಳೀಸು ಹಾಕಿಕೊಂಡು ಬರುತ್ತಿದ್ದವರು ಇಬ್ಬರೇ: ಹೀರೋ, ಇಲ್ಲವೆ ಅವನ ಕೈಯಲ್ಲಿ ಒದೆ ತಿನ್ನುವವನು. ಬೆಂಗಳೂರಿನ ಬಸ್ ಕಂಡಕ್ಟರೊಬ್ಬರು ರಜನೀಕಾಂತ್ ಆಗಿ ಅದನ್ನು ಬೆರಳಲ್ಲಿ ಗಿರ್ರನೆ ತಿರುಗಿಸಿ ಕಣ್ಣಿಗೇರಿಸತೊಡಗಿದ ಮೇಲೆ ನಮ್ಮ ಕ್ಲಾಸಿನ ಹುಡುಗರು ಅದೆಷ್ಟು ಚಾಳೀಸು ಮುರಿದರೋ. ಮುರಿದವೆಲ್ಲ ಅಪ್ಪಂದಿರವು.

ನನ್ನ ಕಣ್ಣಿನ ಸುದ್ದಿ ಮಗಳ ಮೂಲಕ ಹೈದರಾಬಾದಿನ ಮಾದಾಪುರದಲ್ಲಿರುವ ಅಳಿಯನ ಕಿವಿಗೆ ಹೋಯಿತು. ಮುಂದಿನ ಭಾನುವಾರವೇ ಒಂದು ಮಾಲಿಗೆ ಕರೆದುಕೊಂಡು ಹೋದರು. ಅಂಗಡಿಯಲ್ಲಿ ಚಾಳೀಸುಗಳನ್ನು ಒಡವೆಯ ಹಾಗೆ ಗಾಜಿನೊಳಗೆ ಇಟ್ಟು, ಒಂದೊಂದಕ್ಕೂ ಒಂದೊಂದು ದೀಪ ಹಾಕಿದ್ದರು. ಬಿಸಿಲು ತಡೆಯುವ ಸಾಮಾನಿಗೆ ಇಷ್ಟೊಂದು ದೀಪವೇ ಎಂದು ಕೇಳಬೇಕೆನಿಸಿತು. ಅಳಿಯನ ಮುಂದೆ ಕೇಳಲಿಲ್ಲ. ಹುಡುಗಿ ಒಂದನ್ನು ಬಿಳಿ ಬಟ್ಟೆಯ ಮೇಲಿಟ್ಟು ತಂದು ನನ್ನ ಮುಖಕ್ಕೆ ಏರಿಸಿ, "ನಿಮ್ಮ ಫೇಸ್ ಕಟ್‌ಗೆ ತುಂಬಾ ಸೂಟ್ ಆಗುತ್ತೆ ಸರ್" ಎಂದು ತೆಲುಗಿನಲ್ಲಿ ಹೇಳಿದಳು. ಐವತ್ತಾರು ವರ್ಷದಲ್ಲಿ ನನ್ನ ಮುಖಕ್ಕೆ ಒಂದು ಕಟ್ ಇದೆಯೆಂದು ಕಂಡುಹಿಡಿದ ಮೊದಲ ಹೆಣ್ಣುಮಗಳು. ಬಿಲ್ಲು 12,490 ರೂಪಾಯಿ. ಅಳಿಯ ಕಾರ್ಡು ತೆಗೆದರು. ಅಳಿಯನ ದುಡ್ಡಿನ ಚಾಳೀಸು ಹಾಕಿಕೊಂಡು ಊರಲ್ಲಿ ತಲೆ ಎತ್ತುವುದು ಹೇಗೆ? "ಛೇ ಛೇ, ಇರ್ಲಿ ಬಿಡ್ರಿ" ಅಂದು ನಾನೇ ಫೋನಿನಿಂದ ಕೊಟ್ಟೆ. ಅವರೂ ಒಂದು ಸಲ "ಬ್ಯಾಡ ಮಾವ" ಅಂದರು. ಎರಡನೇ ಸಲ ಅನ್ನಲಿಲ್ಲ.

ಲೆಕ್ಕ ಬರೆಯುವವನ ತಲೆ ಸುಮ್ಮನಿರುವುದಿಲ್ಲ. 2024-25ರ ಬೆಂಬಲ ಬೆಲೆ ತೊಗರಿಗೆ ಕ್ವಿಂಟಲಿಗೆ 7,550 ರೂಪಾಯಿ. ಪರಿಗಿ ದಾಟುವಷ್ಟರಲ್ಲಿ ಭಾಗಾಕಾರ ಮುಗಿದಿತ್ತು: ನನ್ನ ಮೂಗಿನ ಮೇಲೆ 165 ಕಿಲೊ ತೊಗರಿ ಕೂತಿದೆ. ಅದರ ತೂಕ ಮಾತ್ರ ಒಂದು ಹಿಡಿ ಕಾಳಿನಷ್ಟೂ ಇಲ್ಲ.

ಮರುದಿನ ಹಾಕಿಕೊಂಡು ಹೊರಬಿದ್ದೆ. ಓಣಿ ದಾಟುವುದರೊಳಗೆ ಮೂವರು ಕೇಳಿದರು: "ಯಾವಾಗ ಆಯ್ತು ಆಪರೇಷನ್?" ನಾಲ್ಕನೆಯವರು ಇನ್ನೂ ಮುಂದೆ ಹೋಗಿ, "ಒಂದ್ ಕಣ್ಣೋ, ಎರಡೋ?" ಎಂದರು. ನಮ್ಮಲ್ಲಿ ಕರಿ ಚಾಳೀಸೆಂದರೆ ಕಣ್ಣಿನ ಪೊರೆ ತೆಗೆಸಿಕೊಂಡವರ ಗುರುತು. ಕ್ಯಾಂಪಿನವರು ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ಆಪರೇಷನ್ ಮಾಡಿ, ಪಕ್ಕಗಳಲ್ಲೂ ಮುಚ್ಚಿದ ದಪ್ಪ ಕರಿ ಚಾಳೀಸು ಹಾಕಿ ಬಿಟ್ಟುಹೋಗುತ್ತಾರೆ. ಮುದುಕ ಮುದುಕಿಯರು ತಿಂಗಳುಗಟ್ಟಲೆ ಅದನ್ನು ಹಾಕಿಕೊಂಡು ಕಟ್ಟೆಯ ಮೇಲೆ ಸಾಲಾಗಿ ಕೂರುತ್ತಾರೆ. ದೂರದಿಂದ ನೋಡಿದರೆ ಯಾವುದೋ ಸಿನಿಮಾದ ಗ್ಯಾಂಗಿನ ಹಾಗೆ. ಇನ್ನು ಓದುವ ಚಾಳೀಸು. 2018ರ ಆಗಸ್ಟ್ 15ರಂದು ತೆಲಂಗಾಣ ಸರಕಾರ 'ಕಂಟಿ ವೆಲುಗು' ಶುರುಮಾಡಿ ಊರೂರಿಗೆ ಬಂದು ಕಣ್ಣು ನೋಡಿ ಹಂಚಿತು. 2023ರ ಜನವರಿಯಲ್ಲಿ ಎರಡನೇ ಸುತ್ತೂ ಬಂತು. ಹೀಗಾಗಿ ನಮ್ಮ ಜನರ ಲೆಕ್ಕದಲ್ಲಿ ಚಾಳೀಸು ಎಂಬುದು ಕೊಂಡುಕೊಳ್ಳುವ ವಸ್ತುವೇ ಅಲ್ಲ, ಕೊಡುವ ವಸ್ತು.

ಕೊಡಂಗಲ್ ಹತ್ತಿರ ಚಹಾ ಕುಡಿಯಲು ನಿಂತಾಗ ಇನ್ನೊಂದು ಪಜೀತಿ. ಗುರುತಿಲ್ಲದ ಒಬ್ಬಾತ ಪಕ್ಕಕ್ಕೆ ಬಂದು, ದನಿ ಇಳಿಸಿ, "ಎನ್ನಿ ಎಕರಾಲು ಕಾವಾಲಿ ಸಾರ್?" ಅಂದ. ಎಷ್ಟು ಎಕರೆ ಬೇಕು ಅಂತ! 2023ರ ಡಿಸೆಂಬರ್ 7ರಂದು ನಮ್ಮ ಕೊಡಂಗಲ್ ಶಾಸಕ ರೇವಂತ್ ರೆಡ್ಡಿಯವರು ಮುಖ್ಯಮಂತ್ರಿಯಾದರಲ್ಲ, ಅಂದಿನಿಂದ ನಮ್ಮ ಸೀಮೆಯಲ್ಲಿ ಕರಿ ಚಾಳೀಸಿನವನು ಆಪರೇಷನ್ ಆದವನಲ್ಲದಿದ್ದರೆ ಹೊಲ ಕೊಳ್ಳಲು ಬಂದವನು. ನನ್ನ ಬೈಕಿನ ಹಿಂದೆ ಕಟ್ಟಿದ್ದ ಬುತ್ತಿಗಂಟನ್ನು ನೋಡಿ ಆತ ತಾನೇ ಸರಿದುಹೋದ.

ಮನೆಗೂ ಅಡತಿಗೂ ನಡುವೆ ಆ ಚಾಳೀಸಿನ ಕಡ್ಡಿಯ ಮೇಲಿದ್ದ ಚಿನ್ನದ ಬಣ್ಣದ ಅಕ್ಷರಗಳನ್ನು ಓದಿದವರು ಒಬ್ಬರೂ ಸಿಗಲಿಲ್ಲ. ಮಾದಾಪುರದಲ್ಲಾಗಿದ್ದರೆ ಲಿಫ್ಟಿನಲ್ಲಿ ನಿಂತವರೆಲ್ಲ ಓದುತ್ತಿದ್ದರು. ನಾನು ತೆತ್ತ ದುಡ್ಡಿನಲ್ಲಿ ಬಹುಪಾಲು ಆ ಅಕ್ಷರಗಳಿಗೆ. ಅವು ನನ್ನ ಕಿವಿಯ ಪಕ್ಕ ಕೂತು ಬೊಮ್ರಾಸಪೇಟದ ಎಮ್ಮೆಗಳಿಗೆ ತಮ್ಮನ್ನು ತೋರಿಸಿಕೊಳ್ಳುತ್ತಿದ್ದವು.

ರಾತ್ರಿ ಫೋನು ಹಿಡಿದು ಆ ಅಕ್ಷರಗಳ ಹಿಂದಿನ ಕಂಪನಿಯ ಜಾತಕ ತೆಗೆದೆ. ಇಟಲಿಯ ಆಗೋರ್ಡೊ ಎಂಬ ಬೆಟ್ಟದೂರಿನಲ್ಲಿ 1961ರಲ್ಲಿ ಲಿಯೊನಾರ್ಡೊ ಡೆಲ್ ವೆಕ್ಕಿಯೊ ಎಂಬಾತ, ಅನಾಥಾಲಯದಲ್ಲಿ ಬೆಳೆದವನು, ಚಾಳೀಸಿನ ಬಿಡಿಭಾಗ ಮಾಡುವ ಕಾರ್ಖಾನೆ ಹಾಕಿದ. ಅದೇ ಲುಕ್ಸೋಟಿಕಾ. 1937ರಿಂದ ಅಮೆರಿಕದ ಬಾಷ್ ಅಂಡ್ ಲಾಂಬ್ ಕಂಪನಿಯ ಕೂಸಾಗಿದ್ದ ರೇ-ಬ್ಯಾನ್ ಅನ್ನು 1999ರಲ್ಲಿ ಕೊಂಡಿತು. 2007ರಲ್ಲಿ ಓಕ್ಲಿಯನ್ನು ಕೊಂಡಿತು. ಪ್ರಾಡಾ, ವರ್ಸಾಚೆ, ಶನೆಲ್ ಎಂದು ದೊಡ್ಡ ದೊಡ್ಡ ಬಟ್ಟೆಯಂಗಡಿಯವರ ಹೆಸರಿನ ಚಾಳೀಸುಗಳನ್ನೂ ಅದೇ ಮಾಡಿಕೊಡುತ್ತದೆ. 2018ರಲ್ಲಿ ಲೆನ್ಸ್ ಮಾಡುವ ಫ್ರಾನ್ಸಿನ ಎಸ್ಸಿಲಾರ್ ಜೊತೆ ಬೀಗತನವೂ ಆಯಿತು. ಅಡತಿ ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ ಗಿರಣಿ ಒಂದೇ, ಚೀಲ ಮಾತ್ರ ಬೇರೆ ಬೇರೆ. ನಾನು ಅಂಗಡಿಯಲ್ಲಿ ಅದು ಬೇಡ ಇದು ಎಂದು ಅರ್ಧ ಗಂಟೆ ಆರಿಸಿದ್ದೆನಲ್ಲ, ಒಂದೇ ಮನೆಯ ಅಣ್ಣತಮ್ಮಂದಿರಲ್ಲಿ ಆರಿಸಿದ್ದೆ.

ನಮ್ಮ ತೊಗರಿಯದು ಇದಕ್ಕೆ ತಿರುಗುಮುರುಗು ಕಥೆ. ಕೊಡಂಗಲ್, ತಾಂಡೂರು ತಾಲ್ಲೂಕುಗಳು 1956ರ ನವೆಂಬರ್ 1ರ ತನಕ ಗುಲ್ಬರ್ಗಾ ಜಿಲ್ಲೆಯಲ್ಲೇ ಇದ್ದವು. ಗೆರೆ ಎಳೆದ ಮೇಲೆ ನಾವು ಈಚೆ, ಸೇಡಂ, ಚಿಂಚೋಳಿ ಆಚೆ. ಆಚೆಯ ತೊಗರಿಗೆ 2019ರಲ್ಲಿ ಗುಲ್ಬರ್ಗಾ ತೊಗರಿ ಎಂದು ಜಿಐ ಟ್ಯಾಗ್ ಸಿಕ್ಕಿತು, ಈಚೆಯದಕ್ಕೆ 2022ರಲ್ಲಿ ತಾಂಡೂರು ತೊಗರಿ ಎಂದು. ಹೆಸರು ಎರಡಾದವು, ವಾದವೂ ಶುರುವಾಯಿತು. ಆದರೂ ಅಡತಿಯಲ್ಲಿ ಚೀಲದ ಮೇಲಿನ ಅಕ್ಷರ ನೋಡಿ ಯಾರೂ ದರ ಕೂಗುವುದಿಲ್ಲ. ಚೀಲಕ್ಕೆ ಚುಚ್ಚಿ, ಹಿಡಿ ಕಾಳು ಅಂಗೈಗೆ ಹಾಕಿಕೊಂಡು, ಹಲ್ಲಲ್ಲಿ ಕಡಿದು ನೋಡಿ ಹೇಳುತ್ತಾರೆ.

ಚಾಳೀಸನ್ನು ಕಡಿದು ನೋಡುವುದು ಹೇಗೆ?

ಅದಕ್ಕೂ ನಮ್ಮ ಅಡತಿ ಅಂಗಡಿಯಲ್ಲೇ ಸಾಧನ ಇತ್ತು: ಖೋಟಾ ನೋಟು ಹಿಡಿಯುವ ನೀಲಿ ದೀಪ. ಅದರ ಬೆಳಕಿನಲ್ಲಿರುವುದು ಕಣ್ಣಿಗೆ ಕಾಣದ ಅದೇ ಅತಿನೇರಳೆ ಕಿರಣ, ನನ್ನ ಕಣ್ಣಿನ ಮೂಲೆಯಲ್ಲಿ ಮಾಂಸ ಬೆಳೆಸುತ್ತಿರುವುದು. ಅದು ಬಿದ್ದರೆ ಅಸಲಿ ನೋಟಿನ ನಂಬರು, ಒಳಗಿನ ಸಣ್ಣ ಎಳೆಗಳು ಹೊಳೆಯುತ್ತವೆ. ದೀಪಕ್ಕೂ ನೋಟಿಗೂ ನಡುವೆ ಚಾಳೀಸು ಹಿಡಿದು ಪಕ್ಕದಿಂದ ಇಣುಕಿದರೆ ಆಯಿತು. ಹೊಳಪು ಸತ್ತರೆ ಚಾಳೀಸು ಅಸಲಿ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಸಾಹುಕಾರರು ಇಲ್ಲದಾಗ ಶುರುಮಾಡಿದೆವು. ಮೊದಲು ನನ್ನದು. ಐನೂರರ ನೋಟು ಕತ್ತಲಾಯಿತು. ಎದೆ ಉಬ್ಬಿತು. ಆಮೇಲೆ ಹಮಾಲರಲ್ಲಿ ಒಬ್ಬ ತನ್ನದು ಕೊಟ್ಟ, ಸ್ಟೇಷನ್ ರಸ್ತೆಯಲ್ಲಿ 150ಕ್ಕೆ ಕೊಂಡದ್ದು. ನೋಟು ಅಷ್ಟೇ ಕತ್ತಲಾಯಿತು! "ಏನ್ರಿ ಮುನೀಮರ, ನಂದೂ ಪಾಸ್ ಆಯ್ತಲ್ರಿ" ಅಂದ. ಪಾಸಾಗದೆ ಏನು? ಪಾಲಿಕಾರ್ಬೊನೇಟ್ ಎಂಬ ಆ ಅಗ್ಗದ ಪ್ಲಾಸ್ಟಿಕ್ಕಿಗೆ ಅತಿನೇರಳೆ ತಡೆಯುವುದು ಹುಟ್ಟುಗುಣ. ಅದಕ್ಕೆ ಯಾರೂ ಬೇರೆ ದುಡ್ಡು ಕೊಡಬೇಕಿಲ್ಲ. ಕೊನೆಗೆ ಸಾಹುಕಾರರ ಮೊಮ್ಮಗನದು, ಕೊಡಂಗಲ್ ಬಾಲಾಜಿ ಜಾತ್ರೆಯ ಇಪ್ಪತ್ತು ರೂಪಾಯಿಯದು, ಬಣ್ಣದ ಹಾಳೆ ಅಂಟಿಸಿದ್ದು. ಅದರ ಹಿಂದೆ ನೋಟಿನ ನಂಬರು ದೀಪಾವಳಿಯ ಹಾಗೆ ಹೊಳೆಯಿತು. ಇಂಥದ್ದು ಬರಿಗಣ್ಣಿಗಿಂತ ಕೆಟ್ಟದ್ದು. ಕತ್ತಲಾಯಿತೆಂದು ಕಣ್ಣಿನ ಪಾಪೆ ನಂಬಿ ಅಗಲವಾಗಿ ತೆರೆದುಕೊಳ್ಳುತ್ತದೆ, ಕಿರಣ ಧಾರಾಳವಾಗಿ ಒಳಗೆ ಹೋಗುತ್ತದೆ. ನಾಯಿಯಿದೆಯೆಂದು ಬಾಗಿಲು ತೆರೆದಿಟ್ಟು ಮಲಗಿದ ಹಾಗೆ, ನಾಯಿ ನೋಡಿದರೆ ಮಣ್ಣಿನದು.

ನ್ಯಾಯವಾಗಿ ಹೇಳಬೇಕೆಂದರೆ, ಹಮಾಲನ ಚಾಳೀಸು ಹಾಕಿಕೊಂಡು ನಾನು ಯಾರ್ಡಿನಲ್ಲಿ ನಾಲ್ಕು ಹೆಜ್ಜೆ ನಡೆದಾಗ ಕರೆಂಟಿನ ಕಂಬ ಹಾವಿನ ಹಾಗೆ ಬಳುಕಿತು. ಅರ್ಧ ಗಂಟೆಗೆ ತಲೆನೋವು ಬಂತು. ನನ್ನದರಲ್ಲಿ ಕಂಬ ಕಂಬವಾಗಿಯೇ ಇತ್ತು. ಕಂಬ ನೆಟ್ಟಗೆ ಕಾಣುವುದಕ್ಕೆ ಒಂದಿಷ್ಟು ಕೊಡಬಹುದು. ಹನ್ನೆರಡು ಸಾವಿರ ಕೊಡಬಹುದೇ ಎಂಬುದಷ್ಟೇ ಪ್ರಶ್ನೆ.

ಆ ಪ್ರಶ್ನೆಗೆ ಪರ್ಶಿ ಕಲ್ಲಿನ ಪಾಲಿಶ್ ಕಾರ್ಖಾನೆ ಇಟ್ಟಿರುವ ಗೆಳೆಯ ಉತ್ತರ ಕೊಟ್ಟ. ತಾಂಡೂರು ನೀಲಿ, ತಾಂಡೂರು ಹಳದಿ ಎಂದು ದೇಶವೆಲ್ಲ ಹೋಗುವ ಕಲ್ಲು. ಪಾಲಿಶ್ ಆಗಿ ನೀರು ಸುರಿಸಿಕೊಂಡು ಮಲಗಿದ ಚಪ್ಪಡಿಗಳ ಸಾಲಿಗೆ ಏಪ್ರಿಲ್ ತಿಂಗಳ ಮಧ್ಯಾಹ್ನದ ಬಿಸಿಲು ಬಿದ್ದರೆ ಕಣ್ಣಿಗೆ ಖಾರ ಎರಚಿದ ಹಾಗಾಗುತ್ತದೆ. ನನ್ನ ಚಾಳೀಸಿನಲ್ಲಿ ಆ ಝಳ ಸ್ವಲ್ಪ ಮಂಕಾಯಿತು, ಅಷ್ಟೇ. "ಇದು ಹಾಕ್ಕೊಂಡ್ ನೋಡು" ಎಂದು ಗೆಳೆಯ ತನ್ನದನ್ನು ಕೊಟ್ಟ, 600 ರೂಪಾಯಿಯದು. ಹಾಕಿಕೊಂಡೆ. ಝಳ ಹೋಯಿತು, ಕಲ್ಲು ಉಳಿಯಿತು! ನೀರಿನ ಕೆಳಗಿದ್ದ ಸಣ್ಣ ಬಿರುಕು ಕೂಡ ಕಂಡಿತು. ಅದಕ್ಕೆ ಪೋಲರೈಸ್ಡ್ ಎನ್ನುತ್ತಾರೆ. ಚಪ್ಪಟೆ ಮೈಯಿಂದ ಚಿಮ್ಮುವ ಬೆಳಕು ಹೆಚ್ಚಾಗಿ ಅಡ್ಡಡ್ಡ ಕಂಪಿಸುತ್ತದೆ. ಈ ಲೆನ್ಸು ಅಡ್ಡ ಬಂದದ್ದನ್ನು ಹೊರಗೆ ನಿಲ್ಲಿಸಿ ಉದ್ದ ಬಂದದ್ದನ್ನು ಒಳಗೆ ಬಿಡುತ್ತದೆ. ಗೆಳೆಯನಿಗೆ ಈ ವಿಜ್ಞಾನ ಬೇಕಿಲ್ಲ. ಕೊಳ್ಳುವಾಗ ಚಾಳೀಸು ಹಾಕಿಕೊಂಡು ಫೋನನ್ನು ಮುಖದ ಮುಂದೆ ನಿಧಾನ ತಿರುಗಿಸುತ್ತಾನೆ. ಯಾವುದಾದರೂ ಒಂದು ಓರೆಯಲ್ಲಿ ಪರದೆ ಕಪ್ಪಾದರೆ ದುಡ್ಡು ಕೊಡುತ್ತಾನೆ, ಇಲ್ಲದಿದ್ದರೆ ಮುಂದಿನ ಅಂಗಡಿ. ನನ್ನದು ಹಾಕಿಕೊಂಡು ಫೋನನ್ನು ಪೂರಾ ಒಂದು ಸುತ್ತು ತಿರುಗಿಸಿದ. ಪರದೆ ಲಕಲಕ ಹೊಳೆಯುತ್ತಲೇ ಇತ್ತು. "ಎಷ್ಟು ಕೊಟ್ಟಿ?" ಎಂದು ಕೇಳಿದ. ಅಳಿಯ ಕೊಡಿಸಿದ್ದು ಅಂದುಬಿಟ್ಟೆ.

ಮರುದಿನ ಹೋಗಿ 600ರದೇ ಒಂದು ತಂದೆ. ಬೈಕಿನ ಮೇಲೆ ಈಗ ಅದೇ. ಹೆಂಡತಿಯ ಲೆಕ್ಕದಲ್ಲಿ ಬಿಸಿಲು ಬೆನ್ನಿಗೇ ಇರಬಹುದು. ಎದುರು ಬರುವ ಲಾರಿಗಳ ಗಾಜು, ಅವುಗಳ ಮೇಲಿನ ಕಲ್ಲು, ಎರಡೂ ನನ್ನ ಕಡೆಗೇ ನೋಡುತ್ತಿರುತ್ತವೆ. 12,490ರದು ತನ್ನ ಚರ್ಮದ ಪೆಟ್ಟಿಗೆಯಲ್ಲಿ ಮಲಗಿ ಬೀರು ಸೇರಿತು, ಹೊಲದ ಕಾಗದಪತ್ರಗಳ ಪಕ್ಕ.

ಮೊನ್ನೆ ದಸರಾ ಮುಗಿದ ಮೇಲೆ ಅವ್ವನಿಗೆ ಕಣ್ಣಿನ ಆಪರೇಷನ್ ಆಯಿತು. ಆಸ್ಪತ್ರೆಯ ಚಾಳೀಸಿನ ಕಡ್ಡಿ ಮೂರನೇ ದಿನ ಮುರಿಯಿತು. ಬೀರುವಿನದನ್ನು ತೆಗೆದು ಕೊಟ್ಟೆ. ಇಂಥ ವಸ್ತು ಒಮ್ಮೆಯಾದರೂ ಒಂದು ಒಳ್ಳೆಯ ಕೆಲಸಕ್ಕೆ ಬರಲಿ ಎಂದು. ಜಾರುತ್ತದೆಂದು ಅವ್ವ ಅದಕ್ಕೊಂದು ದಾರ ಕಟ್ಟಿ, ಕೊರಳಿಗೆ ಹಾಕಿಕೊಂಡು ಕಟ್ಟೆಗೆ ಹೋದಳು. ಎಂಬತ್ತರ ಮುಖಕ್ಕೆ ಅದು ನಿಜವಾಗಿಯೂ ಒಪ್ಪಿತ್ತು. ಕಟ್ ಇದ್ದದ್ದು ನಮ್ಮ ಮನೆತನದಲ್ಲೇ ಇರಬೇಕು.

ಸಂಜೆ ನಾನು ತಾಂಡೂರಿನಿಂದ ಬಂದಾಗ ಅವ್ವನ ಮುಖದ ಮೇಲೆ ಬೇರೆಯೇ ಚಾಳೀಸು ಇತ್ತು, ದಪ್ಪನೆಯದು, ಪಕ್ಕಗಳೂ ಮುಚ್ಚಿದ್ದು.

"ಇದ್ಯಾರದವ್ವ?"

"ಎದುರುಮನಿ ಮುದುಕೀದು. ಆಕೀ ಕ್ಯಾಂಪಿನೋರು ಛಲೋ ಕೊಟ್ಟಾರ ನೋಡಪ್ಪ, ಬಾಜೂಕಿಂದ ಗಾಳಿ ಧೂಳಿ ಏನೂ ಬರಂಗಿಲ್ಲ. ನಿಂದು ಎಲ್ಲಾ ಕಡಿ ಖುಲ್ಲಾ. ಕೈಕಾಲು ಬಿದ್ದು ಕೇಳಿ ಬದಲಿ ಮಾಡ್ಕೊಂಡೆ."

"ಕೊಟ್ಟಳಾ?"

"ಹಂಗ ಕೊಟ್ಟಾಳೇನು? ಪಾಪ, ಆಕೀಗಿ ಲುಕ್ಸಾನ ಆಗಬಾರ್ದಂತ ಮ್ಯಾಲೊಂದು ಸೇರು ತೊಗರಿಬ್ಯಾಳಿ ಹಾಕಿ ಕೊಟ್ಟೀನಿ."